ಕೊಕ್ಕರೆಯ ನೆತ್ತಿಯ ಕುಂಕುಮ

ಕಡಲಿನ ನೀರು ಇನ್ನೂ ಸಿಹಿಯಾಗಿದ್ದ ಕಾಲದಲ್ಲಿ ಶಂಖದಿಣ್ಣೆ ಎಂಬ ರಾಜ್ಯವಿತ್ತು. ಅಲ್ಲಿಯ ಅರಮನೆಯಲ್ಲಿ ಜಪಾನಿನ ನಾವಿಕನೊಬ್ಬ ಕೊಟ್ಟ ರೇಷ್ಮೆಯ ತೂಗುಚಿತ್ರವಿತ್ತು. ಅದರಲ್ಲಿ ಹಿಮದ ಮೇಲೆ ನಿಂತ ಬಿಳಿ ಕೊಕ್ಕರೆ. ಯುಗಾದಿಯಂದು ಅದು ಚಿತ್ರದಿಂದಿಳಿದು ಅಂಗಳದಲ್ಲಿ ಕುಣಿಯುತ್ತಿತ್ತು. ಆಮೇಲೆ ಚಿತ್ರವನ್ನು ಚಾಪೆಯಂತೆ ಸುತ್ತಿ ಪೆಟ್ಟಿಗೆಯಲ್ಲಿಡುತ್ತಿದ್ದರು.

ಅರಮನೆಯ ಅಜ್ಜಿ ನಾಗಾಂಬೆಗೆ ಕಂಡ ಪಟಕ್ಕೆಲ್ಲ ಕುಂಕುಮ ಇಡುವ ಅಭ್ಯಾಸ. ಕೊಕ್ಕರೆಯ ನೆತ್ತಿಯ ಕೆಂಪೂ ಅವಳದೇ ಕೈಕೆಲಸವೆಂದು ಊರೆಲ್ಲ ನಂಬಿತ್ತು.

ಒಂದು ದಿನ ಮಸಿಗಣ್ಣನೆಂಬ ಮಾಂತ್ರಿಕ ಬಂದು ಚಿತ್ರ ಕೊಡೆಂದ. ರಾಜಕುಮಾರ ಜಯಾಂಕ ಕೊಡುವುದಿಲ್ಲ ಎಂದ. ಮಾಂತ್ರಿಕ ಅವನನ್ನು ಚಿತ್ರದೊಳಕ್ಕೇ ತಳ್ಳಿ, ಸುತ್ತಿ, ಕಂಕುಳಲ್ಲಿಟ್ಟುಕೊಂಡು ನಡೆದೇಬಿಟ್ಟ. ಎಂಥಾ ಹೊಟ್ಟೆಕಿಚ್ಚಿನವನು ನೋಡಿ!

ಜಯಾಂಕನ ತಂಗಿ ಕೇದಗೆ ಅಣ್ಣನನ್ನು ತರಲು ಹೊರಟು ನಿಂತಳು. ಅಜ್ಜಿ ಅವಳ ಕಿವಿಯ ಬಳಿ ಬಾಗಿದಳು.

"ಒಂದು ಮಾತು ಮಗಾ. ಆ ಕೊಕ್ಕರೆಗೆ ನಾನು ಕುಂಕುಮ ಇಟ್ಟೇ ಇಲ್ಲ. ಇಡೋಕೆ ಹೋದ್ರೆ ಅದು ತಾನೇ ಇಟ್ಕೊಂಡು ಬಂದಿತ್ತು! ಆ ದೇಶದ ಕೊಕ್ಕರೆಗಳ ನೆತ್ತಿಯೇ ಕೆಂಪಂತೆ. ಊರವರು ಹೊಗಳ್ತಿದ್ರು, ನಾನೂ ಸುಮ್ಮನಿದ್ದೆ."

ಮಾಂತ್ರಿಕನ ಗುಹೆಯ ಮೊದಲ ಬಾಗಿಲಲ್ಲಿ ಆನೆ ಗಾತ್ರದ ಇಲಿ ಕುಳಿತಿತ್ತು. "ಈ ಪಟಗಳಲ್ಲಿ ಜಪಾನಿನವು ಯಾವುವು? ತಪ್ಪಿದರೆ ನುಂಗುತ್ತೇನೆ," ಎಂದಿತು. ಅರಮನೆಯ ಚಿತ್ರದಂತೆಯೇ ಮೇಲಿನಿಂದ ಎರಡು ರೇಷ್ಮೆ ಪಟ್ಟಿ ಇಳಿಬಿದ್ದು, ಕೆಳಗೆ ಸುತ್ತಲು ಮರದ ಉರುಳೆ ಇದ್ದವುಗಳನ್ನು ಕೇದಗೆ ತೋರಿಸಿದಳು. ಇಲಿ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಮಾತಾಡುವ ಹುಲಿ. "ನೀನು ತೋರಿಸಿದವುಗಳಲ್ಲಿ ಹಳೆಯವು ಯಾವುವು?" ಎಂದಿತು. ಎಲ್ಲವೂ ಕಂದು ಬಣ್ಣದವೇ. ಕೇದಗೆ ಒಂದೊಂದನ್ನೂ ತಿರುಗಿಸಿದಳು. ಹೊಗೆ ಹಿಡಿಸಿ ಮುಪ್ಪು ತಂದವುಗಳ ಬೆನ್ನು ಬೆಳ್ಳಗಿತ್ತು. ಮೂರರ ಬೆನ್ನಲ್ಲಿ ಮಾತ್ರ ವರ್ಷಾನುಗಟ್ಟಲೆ ಸುತ್ತಿಟ್ಟ ಅಡ್ಡಗೆರೆಗಳಿದ್ದವು. ಹುಲಿಯೂ ದಾರಿ ಬಿಟ್ಟಿತು.

ಮೂರನೆಯ ಬಾಗಿಲಲ್ಲಿ ಮಸಿಗಣ್ಣನೇ ನಿಂತಿದ್ದ. ಆ ಮೂರನ್ನೂ ಸಾಲಾಗಿ ತೂಗುಹಾಕಿದ. ಮೂರರಲ್ಲೂ ಅದೇ ಕೊಕ್ಕರೆ, ಅದರ ಪಕ್ಕದಲ್ಲಿ ಅದೇ ಜಯಾಂಕ.

"ಒಂದು ನಿಜ, ಎರಡು ಹಳೆಯ ರೇಷ್ಮೆಯ ಮೇಲೆ ನನ್ನ ಕೈಚಳಕ. ಸರಿಯಾದದ್ದನ್ನು ಮುಟ್ಟಿದರೆ ಅಣ್ಣ ನಿನ್ನವನು. ತಪ್ಪಿದರೆ ನೀನೂ ಗೋಡೆಯ ಮೇಲೆ!"

ಮೂವರು ಅಣ್ಣಂದಿರೂ ಅವಳನ್ನೇ ನೋಡುತ್ತಿದ್ದರು. ಕೇದಗೆಗೆ ಅಜ್ಜಿಯ ಮಾತು ನೆನಪಾಯಿತು. ಬಾಯ್ತುಂಬ ಗಾಳಿ ತುಂಬಿಕೊಂಡು ಮೂರು ಚಿತ್ರಗಳಿಗೂ ಉಫ್ ಎಂದು ಊದಿದಳು.

ಎರಡು ಕೊಕ್ಕರೆಗಳ ನೆತ್ತಿಯಿಂದ ಕುಂಕುಮ ಹಾರಿತು. ಒಂದರ ಕೆಂಪು ಮಾತ್ರ ಕದಲಲಿಲ್ಲ. ಊರವರ ಮಾತು ನಂಬಿ ಮಾಂತ್ರಿಕ ತನ್ನ ನಕಲುಗಳಿಗೆ ದೇವರಗೂಡಿನ ಕುಂಕುಮವನ್ನೇ ಮೆತ್ತಿದ್ದ!

"ಇದೇ ನಮ್ಮದು!" ಎಂದು ಕೇದಗೆ ಅದನ್ನು ಮುಟ್ಟಿದಳು.

ಸಿಟ್ಟಿಗೆದ್ದ ಮಸಿಗಣ್ಣ ಮಂತ್ರ ಶುರುಮಾಡಿದ. ಹಾರಿದ ಕುಂಕುಮವೆಲ್ಲ ಅವನ ಮೂಗಿಗೇ ಹೋಗಿತ್ತು. "ಛೂ... ಆಕ್ಷೀ!" ಅರ್ಧಕ್ಕೆ ತಪ್ಪಿದ ಮಂತ್ರ ಅವನಿಗೇ ತಿರುಗಿತು. ತನ್ನದೇ ನಕಲಿ ಚಿತ್ರದೊಳಕ್ಕೆ ದೊಪ್ಪೆಂದು ಬಿದ್ದ. ಜಯಾಂಕ ಹೊರಗೆ ಜಿಗಿದು ತಂಗಿಯನ್ನು ಅಪ್ಪಿಕೊಂಡ. ಕೊಕ್ಕರೆಯೂ ಚಿತ್ರದಿಂದಿಳಿದು ಇಬ್ಬರನ್ನೂ ಬೆನ್ನ ಮೇಲೆ ಹೊತ್ತು ಹಾರಿತು. ಅರಮನೆಯ ಚಿತ್ರ, ಮಸಿಗಣ್ಣ ಬಿದ್ದ ಚಿತ್ರ ಎರಡೂ ಸುತ್ತಿಕೊಂಡು ಕೇದಗೆಯ ತೊಡೆಯ ಮೇಲಿದ್ದವು.

ಅರಮನೆಯಲ್ಲಿ ಖಜಾನೆಯವನು ಕೇಳಿದ: "ಅಮ್ಮಾ, ಈ ಚಿತ್ರಕ್ಕೆ ಎಷ್ಟು ಬೆಲೆ ಬರೆದುಕೊಳ್ಳಲಿ?"

ಅಜ್ಜಿ ಜಯಾಂಕನ ಕೆನ್ನೆ ಸವರಿದಳು. "ಇದರೊಳಗೆ ನನ್ನ ಮೊಮ್ಮಗ ಕೂತು ಬಂದಿದ್ದಾನೆ. ಮೊದಲು ಅವನ ಬೆಲೆ ಎಷ್ಟು ಹೇಳಪ್ಪಾ, ಆಮೇಲೆ ಇದರದ್ದು ಬರ್ಕೋ."

ಅವನು ನಗುತ್ತಾ ಲೇಖನಿ ಕೆಳಗಿಟ್ಟ. ಆ ವರ್ಷ ಯುಗಾದಿಗೆ ಕೊಕ್ಕರೆಯ ಜೊತೆ ರಾಜ್ಯವೇ ಕುಣಿಯಿತು, ಎಲ್ಲರೂ ನೂರ್ಕಾಲ ಸುಖವಾಗಿ ಬಾಳಿದರು. ಮಸಿಗಣ್ಣನ ಚಿತ್ರ ಪಡಸಾಲೆಯಲ್ಲೇ ತೂಗುತ್ತಿತ್ತು. ಅಜ್ಜಿ ಶುಕ್ರವಾರ ತಪ್ಪದೆ ಅವನಿಗೂ ಕುಂಕುಮ ಇಡುತ್ತಿದ್ದಳು, ಅವನು ಸೀನುತ್ತಿದ್ದ.