ಹರಿದ ಕಿವಿಯ ಹೋತ

ಕೊಪ್ಪಳದ ಬಸ್ ಇಳಿದು ಇಲಿಯಾಸ ಯಲಬುರ್ಗಾದ ಮನೆಯಂಗಳಕ್ಕೆ ಬಂದಾಗ ಹೆಂಡತಿ ಮುಬಾಶಿರಾ ತಲೆ ಎತ್ತಲಿಲ್ಲ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಮುಗಿಸಿ ಬರುವವನನ್ನು ಬಾಗಿಲಲ್ಲೇ ನಿಂತು ಕಾಯುವವಳು ಅವಳು. ಇಂದು ಹರಿದ ಕಿವಿಯ ಹೋತಕ್ಕೆ ಸೊಪ್ಪು ತಿನ್ನಿಸುತ್ತ ಕುಳಿತಿದ್ದಳು.

“ನನಗಿಂತ ಆ ಹೋತನ ಹೆಚ್ಚಾತೇನ ನಿನಗ?”

“ಅದು ನಿಮ್ಮಷ್ಟು ಮಾತಾಡಂಗಿಲ್ಲರಿ.”

ಮಾತು ಎಂದಿನದೇ, ಕಣ್ಣು ಮಾತ್ರ ಅವನ ಕಡೆ ಬರಲಿಲ್ಲ. ಡಾಕ್ಟರು ಹೇಳಿದ ಅಳತೆಯ ಅರ್ಧ ಲೋಟ ನೀರನ್ನು ಬೆರಳು ತಾಗದಂತೆ ಕೊಟ್ಟಳು.

“ನಾ ಕಿಡ್ನಿ ಕೊಡಂಗಿಲ್ಲರಿ,” ಎಂದಳು ಒಮ್ಮೆಲೆ.

ಇಲಿಯಾಸನಿಗೆ ಏನೂ ತಿಳಿಯಲಿಲ್ಲ. ತವರಿನವರು ತಡೆದರೂ ಕೇಳದೆ, “ನನ್ನದೊಂದು ನಿಮ್ಮೊಳಗ ಇರ್ಲಿ” ಎಂದು ನಾಚಿ ಸೆರಗು ಕಚ್ಚಿಕೊಂಡವಳು ಇವಳೇ. ಈಗ ಹೆದರಿದಳೆ? ಬೇಸತ್ತಳೆ? ಕೇಳುವ ಹಕ್ಕು ತನಗಿಲ್ಲವೆನಿಸಿತು. ಕೇಳದಿರಲೂ ಆಗಲಿಲ್ಲ.

“ಬ್ಯಾಡ ಬಿಡು. ನನ್ನ ಮ್ಯಾಲೆ ಸಿಟ್ಟೇನ?”

ಸೊಪ್ಪಿನ ಮೇಲೆ ಒಂದು ಹನಿ ಬಿತ್ತು.

“ನನ್ನ ಕಿಡ್ನಿಯಾಗ ಸಣ್ಣ ಗಡ್ಡಿ ಐತ್ರಿ, ಗಂಟಿನಂಗ, ಕಡಲಿಕಾಳಿನಷ್ಟು. ನಿನ್ನೆ ದವಾಖಾನ್ಯಾಗ ಸ್ಕ್ಯಾನ್ ಮಾಡಿದಾಗ ಕಂಡೈತಿ. ಅದನ್ನ ಕತ್ತರಿಸಿ ತಗದು, ಉಳಿದದ್ದು ಚೊಕ್ಕ ಐತೇನಂತ ನೋಡಿ, ಹೊಲದು ನಿಮಗ ಹಾಕಬಹುದಂತ. ಗಡ್ಡಿ ತಿರುಗಿ ಬರೋದು ಅಪರೂಪ, ಬರಂಗೇ ಇಲ್ಲ ಅನ್ನಾಕ ಆಗಂಗಿಲ್ಲಂತ. ಇಬ್ರೂ ಒಪ್ಪಬೇಕು ಅಂದ್ರು ಡಾಕ್ಟರು.”

“ಮತ್ಯಾಕ ಮುಚ್ಚಿಟ್ಟಿ?”

“ಬಕ್ರೀದಿಗೆ ಹಲ್ಲು, ಕಣ್ಣು, ಕೊಂಬು ನೋಡಿ ಹೋತ ಆರಿಸೋರು ನೀವು. ಇದರ ಕಿವಿ ಹರದೈತಂತ ಕುರ್ಬಾನಿಗೆ ಒಲ್ಲೆ ಅಂದ್ರಿ. ಊನ ಇದ್ದದ್ದನ್ನ ನಿಮಗ ಹೆಂಗ ಕೊಡ್ಲಿ?”

ಇಲಿಯಾಸ ಅವಳ ಪಕ್ಕದಲ್ಲಿ ಕುಳಿತ.

“ಅದು ನಿನಗೇನೂ ಮಾಡಂಗಿಲ್ಲಲಾ?”

ಅವಳು ಆಗ ಮೊದಲ ಸಲ ಕಣ್ಣೆತ್ತಿ ನೋಡಿದಳು. “ತಗದ್ರ ನನಗ ಛಲೋನ ಅಂತ್ರಿ.”

“ಹೊಲದು ನಿನ್ನೊಳಗ ಇಡಾಕ ಬರಂಗಿಲ್ಲೇನ?”

“ಬರ್ತೈತಂತ. ನಾನ ಒಲ್ಲೆ ಅಂದೆ. ನಿಮಗ ಹಾಕ್ರಿ ಅಂತ ಡಾಕ್ಟರಿಗೆ ಹೇಳಿದೆ. ತಿರುಗಿ ಬರೋ ಬಸ್ಸಿನಾಗ ಕುಂತಾಗ ಈ ಹೋತ ನೆನಪಾತು...”

“ಹುಚ್ಚಿ! ಕುರ್ಬಾನಿ ಅಲ್ಲಾಹನ ಹೆಸರಿಂದು, ಅದಕ್ಕ ನಿಯಮ ಐತಿ. ಈ ಹೋತ ನನ್ನ ಹೆಸರಿಂದು. ಕಿವಿ ಹರದೈತಂತ ಮಾರಿದ್ನೇನ? ಮೂರು ವರ್ಷ ಆತು, ನಿನಗಿಂತ ಹೆಚ್ಚು ಮುದ್ದು ತಿಂದೈತಿ.”

ಅಳುವಿನ ನಡುವೆಯೇ ಅವಳಿಗೆ ನಗು ಬಂತು. “ಹಂಗಾರ ತಗೋತೀರಿ?”

“ತಿಳಿವಲ್ದು, ಮುಬಾ. ತಗೋಬೇಕಂದ್ರ ನಿನ್ನ ಕೊರದಂಗ ಆಗ್ತೈತಿ. ಒಲ್ಲೆ ಅಂದ್ರ ನಿನ್ನ ಬಿಟ್ಟು ಹೋಗಬೇಕು, ಅದೂ ಆಗವಲ್ದು. ನಾಳೆ ಇಬ್ರೂ ಕೂಡಿ ಹೋಗಿ, ಎಲ್ಲಾ ಕೇಳಿ, ಆಮ್ಯಾಲೆ ಹೇಳೋಣು.”

ಅವಳು ಅವನ ಕೈ ಹಿಡಿದು ತನ್ನ ಎಡ ಪಕ್ಕೆಗೆ ಒತ್ತಿಕೊಂಡಳು. ಎಳೆಮರಿಯನ್ನು ಎತ್ತಿಕೊಳ್ಳುವವನಂತೆ ಅವನು ಹಗುರಾಗಿ ಮುಟ್ಟಿದ.

“ಇಲ್ಲೇನ?”

“ಹೂಂರಿ. ಕೊಡ್ತೀನಿ ಅಂದ ದಿನಾನ ಇದು ನಿಮ್ಮದಾತು. ನನ್ನ ಹತ್ರ ಇನ್ನೂ ಐತಿ, ಅಷ್ಟ.”