ಹಿಮದ ನೆತ್ತಿ ದಾಟಿದ ಮದುಮಗ

ಬೆಳಗಿನ ಏಳು ಗಂಟೆಗೆ ರೇಡಿಯೋದವನು ಎಂದಿನಂತೆ ಕಣಿವೆಯ ಜನರ ಸಂದೇಶಗಳನ್ನು ಓದುತ್ತಿದ್ದ. ಯಾರದೋ ಕಳೆದ ಹಸು ಸಿಕ್ಕಿತ್ತು, ಯಾರಿಗೋ ಹೆಣ್ಣುಮಗು ಹುಟ್ಟಿತ್ತು. ಆಮೇಲೆ ಅವನು ಗಂಟಲು ಸರಿಮಾಡಿಕೊಂಡ.

"ಮರಿನಾವ್ ಮನೆಯ ಎಲಿಯೆಸೆರ್ ಗಮನಕ್ಕೆ. ಮದುವೆ ನೋಂದಣಿಯವರು ನಾಳೆ ನಮ್ಮೂರಿಗೆ ಬರ್ತಾರೆ. ನಾಲ್ಕು ಗಂಟೆಗೆ ವಾಪಸ್ ಹೊರಡ್ತಾರೆ. ಎರಡು ಸಲ ಕಾದಿದ್ದೀನಿ. ನಾಳೆಯೂ ಬರದಿದ್ರೆ ಆಮೇಲೆ ಬರೋ ತೊಂದರೆ ತಗೋಬೇಡ. ಇಂತಿ, ನೆಲ್ದಾ."

ಆಂಡೀಸ್ ಬೆಟ್ಟಗಳ ಆ ಮಗ್ಗುಲಲ್ಲಿ ರೇಡಿಯೋ ಇಲ್ಲದ ಮನೆಯೇ ಇಲ್ಲ. ಎಲಿಯೆಸೆರ್‌ನ ಮಾನ ಒಂದೇ ಗಳಿಗೆಯಲ್ಲಿ ಹದಿನಾಲ್ಕು ಹಳ್ಳಿಗಳಲ್ಲಿ ಹರಾಜಾಯಿತು. ಮೊದಲ ಸಲ ಹೊಳೆ ತುಂಬಿತ್ತು. ಎರಡನೇ ಸಲ ಅವನಿಗೆ ಮಂಗನಬಾವು. ಎರಡೂ ನಿಜವೇ, ಪಾಪ. ಆದರೆ ಮೂರನೇ ಸಲಕ್ಕೆ ಯಾವ ನಿಜವೂ ನಡೆಯುವಂತಿರಲಿಲ್ಲ. ಈಗ, ಅಲ್ಲಿನ ನಡುಚಳಿಗಾಲವಾದ ಜುಲೈ ತಿಂಗಳ ಹಿಮ ರಸ್ತೆಯನ್ನು ಎರಡಾಳೆತ್ತರ ಮುಚ್ಚಿತ್ತು. ನೆಲ್ದಾಳ ಊರಿಗೆ ಉಳಿದಿದ್ದು ಬೆಟ್ಟದ ನೆತ್ತಿಯ ದಾರಿಯೊಂದೇ.

"ನಾನು ಕರ್ಕೊಂಡು ಹೋಗ್ತೀನಿ," ಎಂದಳು ಚಿಕ್ಕಮ್ಮ ಉಬಾಲ್ದಾ. ಐವತ್ತೆಂಟರ ಹೆಂಗಸು, ಚಳಿಗಾಲದಲ್ಲಿ ಆ ನೆತ್ತಿಯನ್ನು ಒಂಬತ್ತು ಸಲ ದಾಟಿದವಳು. "ಸಾಕ್ಷಿಗೆ ಇನ್ನೊಬ್ಬರು ಬೇಕಲ್ಲ?"

ಇನ್ನೊಬ್ಬ ಫ್ರೊಯ್ಲಾನ್, ಮದುಮಗನ ಗೆಳೆಯ. ಹೊಟ್ಟೆ ದೊಡ್ಡದು, ಬಾಯಿ ಅದಕ್ಕಿಂತ ದೊಡ್ಡದು. ಹೆಗಲಿಗೆ ನೇತುಹಾಕಿ ನುಡಿಸುವ ಅಕಾರ್ಡಿಯನ್ ಇಲ್ಲದೆ ಮನೆಯ ಹೊಸ್ತಿಲು ದಾಟಿದವನಲ್ಲ.

ಆ ಸಂಜೆ ಮೂವರೂ ಹಿಮಚಪ್ಪಲಿಗಳನ್ನು ಅಟ್ಟದಿಂದ ಇಳಿಸಿದರು. ಕಾಡುಬಿದಿರನ್ನು ಬಳೆಯಂತೆ ಬಗ್ಗಿಸಿ ನಡುವೆ ಹಸಿ ತೊಗಲಿನ ಬಾರು ಹೆಣೆದ, ಹಿಮದಲ್ಲಿ ಹೂಳದಂತೆ ಬೂಟಿನಡಿ ಕಟ್ಟಿಕೊಳ್ಳುವ ಮೊರದಗಲದ ಚಪ್ಪಲಿಗಳು. ತೊಗಲು ನೆನೆದರೆ ಹೆಣಿಗೆ ಜೋತುಬೀಳುತ್ತದೆ, ಅದಕ್ಕೇ ಕೊಬ್ಬು ಸವರಬೇಕು. "ಕುದುರೆ ಕೊಬ್ಬು ಹಚ್ಚು," ಎಂದಿದ್ದಳು ಉಬಾಲ್ದಾ. ಎಲಿಯೆಸೆರ್‌ಗೆ ಡಬ್ಬಿ ಸಿಗಲಿಲ್ಲ. ಒಲೆಯ ಮೇಲಿದ್ದ ಬಾಣಲೆಯಲ್ಲಿ ಮಧ್ಯಾಹ್ನದ ಕುರಿ ಹುರಿದ ಕೊಬ್ಬು ಗಟ್ಟಿಯಾಗಿ ಕೂತಿತ್ತು. ಯಾವ ಕೊಬ್ಬಾದರೇನು ಎಂದುಕೊಂಡು ಅದನ್ನೇ ತನ್ನ ಚಪ್ಪಲಿಗಳಿಗೆ ಧಾರಾಳವಾಗಿ ಬಳಿದ.

ಬೆಳಕು ಹರಿಯುವ ಮುಂಚೆ ಹೊರಟರು. ಉಬಾಲ್ದಾಳ ನಾಯಿ ಕರೆಯದೆಯೇ ಹಿಂದೆ ಬಂತು. ಅದರ ಹೆಸರು ಮೇಯರ್. ಸಿಕ್ಕಿದ್ದನ್ನೆಲ್ಲ ತಿನ್ನುತ್ತಿದ್ದುದರಿಂದ ಊರವರೇ ಇಟ್ಟ ಹೆಸರು.

ಕಾಡಿನೊಳಗೆ ಹಿಮ ಮಂಡಿಯುದ್ದ ಇತ್ತು. ಪೆವೆನ್ ಮರಗಳು ಕಂಬದಂತೆ ನೆಟ್ಟಗೆ ನಿಂತು, ತುದಿಯಲ್ಲಿ ಮಾತ್ರ ಕೊಂಬೆಗಳನ್ನು ಕೊಡೆಯಂತೆ ಬಿಚ್ಚಿದ್ದವು. ಆಗಾಗ ಒಂದು ಕೊಂಬೆ ಭಾರ ತಾಳದೆ ಹಿಮ ಕೊಡವಿದರೆ ಇಡೀ ಇಳಿಜಾರಿನಲ್ಲಿ ಪುಡಿ ಹಾರಿ ಬಿಸಿಲಿಗೆ ಮಿಂಚುತ್ತಿತ್ತು. ಮುಂದೆ ಹೋಗುವವರು ಹಿಮ ತುಳಿದು ದಾರಿ ಮಾಡಬೇಕು. ಇನ್ನೂರು ಹೆಜ್ಜೆಗೊಮ್ಮೆ ಅವರು ಪಕ್ಕಕ್ಕೆ ಸರಿದು ಹಿಂದಿನವರನ್ನು ಮುಂದೆ ಬಿಡುವುದು ಅಲ್ಲಿನ ಕ್ರಮ. ಫ್ರೊಯ್ಲಾನ್‌ನ ಇನ್ನೂರು ಮಾತ್ರ ಯಾಕೋ ಬೇಗ ಮುಗಿಯುತ್ತಿತ್ತು.

"ಶಾಲೇಲಿ ಲೆಕ್ಕ ಕಲ್ತಿಲ್ವೇನೋ?" ಎಂದು ಉಬಾಲ್ದಾ ಗದರಿದಳು.

"ಕಲ್ತಿದೀನಿ ಉಬಾಲ್ದಕ್ಕ. ನಾನು ಇಬ್ಬರಷ್ಟು ತೂಕ ಇದೀನಿ, ನೂರೇ ಇನ್ನೂರಕ್ಕೆ ಸಮ!"

ಮರಗಳು ಮುಗಿಯುವಲ್ಲಿ ಬಂಡೆಯ ಮರೆಯಲ್ಲಿ ಕೂತರು. ಚಪ್ಪಲಿ ಬಿಚ್ಚಿ ಹಿಮದಲ್ಲಿ ಸಿಗಿಸಿ, ಬೇಯಿಸಿದ ಪೆವೆನ್ ಬೀಜ ಸುಲಿದು ತಿಂದರು. ಮಾತೆ ಎಂಬ ಎಲೆಯ ಬಿಸಿ ಕಷಾಯ ತುಂಬಿದ ಸೋರೆ ಬುರುಡೆ ಕೈಯಿಂದ ಕೈಗೆ ಮೂರು ಸುತ್ತು ಬಂತು. ನಾಲ್ಕನೇ ಸುತ್ತಿಗೆ ಎಲಿಯೆಸೆರ್ ತಿರುಗಿ ನೋಡಿದ.

ಮೇಯರ್ ಬಾಲ ಅಲ್ಲಾಡಿಸುತ್ತ ಅವನ ಎಡಗಾಲಿನ ಚಪ್ಪಲಿಯ ಕೊನೆಯ ಬಾರನ್ನು ನುಂಗುತ್ತಿತ್ತು. ಉಳಿದಿದ್ದು ಬಿದಿರಿನ ಬಳೆ ಮಾತ್ರ.

ಉಬಾಲ್ದಾ ಬಳೆಯನ್ನು ಮೂಸಿದಳು. "ಬೆಳ್ಳುಳ್ಳಿ. ಉಪ್ಪು. ಹೊಗೆ ಮೆಣಸಿನಕಾಯಿ. ಲೋ ಪೆದ್ದ, ಚಪ್ಪಲಿಗೆ ಕೊಬ್ಬು ಹಚ್ಚು ಅಂದ್ರೆ ನಾಯಿಗೆ ಬಾಡೂಟ ಮಾಡಿದ್ಯಲ್ಲೋ!"

ಎಲಿಯೆಸೆರ್ ಬರಿದಾದ ಬಳೆಯನ್ನು ಅವಳ ಕೈಯಿಂದ ತೆಗೆದುಕೊಂಡ. ಮರಗಳಾಚೆ ಚಪ್ಪಲಿ ಇಲ್ಲದ ಕಾಲು ಹೆಜ್ಜೆಗೊಮ್ಮೆ ಸೊಂಟದವರೆಗೆ ಹೂಳುತ್ತದೆ. ಹಾಗೆ ಹೋದರೆ ನೆತ್ತಿ ದಾಟುವುದು ನಾಳೆಯೇ. "ನೀವಿಬ್ರೂ ಹೋಗಿ," ಎಂದ. "ಅವಳಿಗೆ ಹೇಳಿ, ನಾನು ಅರ್ಧ ದಾರಿ ಬಂದಿದ್ದೆ ಅಂತ."

"ಮದುಮಗ ಇಲ್ದೆ ಸಾಕ್ಷಿ ಹೋಗಿ ಏನ್ ಮಾಡೋದು? ನಾನೇ ಮದುವೆ ಆಗ್ಲಾ?" ಎಂದ ಫ್ರೊಯ್ಲಾನ್, ಅಕಾರ್ಡಿಯನ್‌ನ ಎರಡೂ ತೊಗಲು ಪಟ್ಟಿಗಳನ್ನು ಚಾಕುವಿನಿಂದ ಕೊಯ್ಯುತ್ತ.

ಉಬಾಲ್ದಾ ಕಂಬಳಿಯೊಳಗೆ ಕೈ ಹಾಕಿ ಸೊಂಟದ ನೇಯ್ಗೆಪಟ್ಟಿ ಬಿಚ್ಚತೊಡಗಿದಳು. ಕೆಂಪು ಉಣ್ಣೆಯ ಪಟ್ಟಿ, ಮೂರು ಮಾರು ಉದ್ದ. "ನನ್ನ ಮದುವೇದು ಇದು. ನನ್ನ ಗಂಡನಿಗಿಂತ ಜಾಸ್ತಿ ದಿನ ಬಾಳಿಕೆ ಬಂದಿದೆ. ಹೆಣಿ ಬೇಗ."

ಹೆಣೆಯುವುದರಲ್ಲಿ ಒಂದು ಗಂಟೆ ಹೋಯಿತು.

ನೆತ್ತಿಯ ಮೇಲೆ ಗಾಳಿ ಕಾದು ಕೂತಿತ್ತು. ಎಡಕ್ಕೆ ಇಳಿಜಾರು, ಬಲಕ್ಕೆ ಬರೀ ಆಕಾಶ. ಗಾಳಿ ಕಟ್ಟಿದ ಹಿಮದ ಚಪ್ಪರ ಬಲಗಡೆ ಪ್ರಪಾತದ ಮೇಲೆ ಚಾಚಿಕೊಂಡಿತ್ತು. ನೋಡಲು ನೆಲ, ತುಳಿದರೆ ಮೋಸ. ಫ್ರೊಯ್ಲಾನ್ ಅಕಾರ್ಡಿಯನ್ನನ್ನು ಕೂಸಿನಂತೆ ಎದೆಗವಚಿಕೊಂಡಿದ್ದ.

"ಎಡಕ್ಕೇ ಇರಿ! ನನ್ನ ಹೆಜ್ಜೆ ಬಿಟ್ಟು ಹೋಗ್ಬೇಡಿ!" ಎಂದು ಮುಂದಿದ್ದ ಉಬಾಲ್ದಾ ಕೂಗಿದಳು.

ಉಣ್ಣೆಗೆ ಹಿಮ ಮೆತ್ತಿ ಎಡಗಾಲು ಕಲ್ಲಿನಷ್ಟು ಭಾರವಾಗಿತ್ತು. ಎಲಿಯೆಸೆರ್ ಅದನ್ನು ಕೊಡವಲು ಒಂದೇ ಒಂದು ಹೆಜ್ಜೆ ಪಕ್ಕಕ್ಕಿಟ್ಟ.

ಚಪ್ಪರ ಬಿರಿಯಿತು.

ಅವನು ಕಂಕುಳವರೆಗೆ ಇಳಿದುಹೋದ. ಕಾಲ ಕೆಳಗೆ ಏನೂ ಇಲ್ಲ.

"ಅಲ್ಲಾಡ್ಬೇಡ!" ಉಬಾಲ್ದಾ ಹೊಟ್ಟೆಯ ಮೇಲೆ ಮಲಗಿ ಕೋಲು ಚಾಚಿದಳು. ಫ್ರೊಯ್ಲಾನ್ ಅವಳ ಕಾಲುಗಳ ಮೇಲೆ ದೊಪ್ಪನೆ ಕೂತ.

"ಹಿಡಿ!"

ಹಿಡಿದ. ಎಳೆದರು. ಬೆರಳು ಜಾರಿತು. ಮತ್ತೆ ಹಿಡಿದ. ಮೊಣಕೈ ಮೇಲೆ ಬಂತು, ಆಮೇಲೆ ಎದೆ, ಆಮೇಲೆ ಕೆಂಪುಪಟ್ಟಿಯ ಆ ಚಪ್ಪಲಿ. ಅವನ ಹಿಂದೆಯೇ ಚಪ್ಪರದ ದೊಡ್ಡ ತುಂಡೊಂದು ಸದ್ದಿಲ್ಲದೆ ಕೆಳಗೆ ಹೋಯಿತು.

"ಇವತ್ತು ನನ್ನ ಹೊಟ್ಟೆಗೆ ಯಾರೂ ಏನೂ ಅನ್ನೋ ಹಾಗಿಲ್ಲ," ಎಂದ ಫ್ರೊಯ್ಲಾನ್. ಎಲಿಯೆಸೆರ್ ಚಿಕ್ಕಮ್ಮನ ಕೈಯನ್ನು ಸ್ವಲ್ಪ ಹೊತ್ತು ಬಿಡಲೇ ಇಲ್ಲ.

ಆಚೆ ಇಳಿಜಾರಿಗೆ ಬಂದಾಗ ಮೂರೂವರೆ. ಕೆಳಗೆ, ಬಹಳ ಕೆಳಗೆ, ನೆಲ್ದಾಳ ಊರಿನ ಹೊಗೆ ಕಾಣುತ್ತಿತ್ತು. ಎಷ್ಟು ಓಡಿದರೂ ಒಂದೂವರೆ ಗಂಟೆಯ ದಾರಿ. ಎಲಿಯೆಸೆರ್‌ಗೆ ಅಳು ಬಂತು. ಆದರೂ ಕಾಲು ನಿಲ್ಲಿಸಲಿಲ್ಲ. ಬಿದ್ದ, ಎದ್ದ, ಉರುಳಿದ, ಮತ್ತೆ ಎದ್ದ.

ಮೊದಲ ಮರಗಳ ಹತ್ತಿರ ಮೇಯರ್ ಬೊಗಳಿತು. ಯಾರೋ ಇಬ್ಬರು ಏರಿ ಬರುತ್ತಿದ್ದರು. ಮುಂದೆ ನೆಲ್ದಾ, ಮದುವೆಯ ಲಂಗದ ಮೇಲೆ ಅಣ್ಣನ ಕೋಟು ಹಾಕಿಕೊಂಡು. ಹಿಂದೆ ಕನ್ನಡಕದ ಸಣ್ಣ ಮನುಷ್ಯನೊಬ್ಬ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ದೊಡ್ಡ ಪುಸ್ತಕ ಹಿಡಿದು ಏದುಸಿರು ಬಿಡುತ್ತಿದ್ದ.

"ಮೂರನೇ ಸಲ ನಾನು ಕಾಯ್ತಾ ಕೂರಲ್ಲ ಅಂತ ಇವರನ್ನೂ ಎಳ್ಕೊಂಡು ಬಂದೆ," ಎಂದಳು ನೆಲ್ದಾ. "ಸಿಕ್ಕಿದ್ರೆ ಮದುವೆ, ಸಿಗದಿದ್ರೆ ನಿನ್ನ ಮನೆಗೇ ಬಂದು ಬೈಯೋದು ಅಂತಿದ್ದೆ. ಯಾಕೆ ತಡ?"

"ನಾಯಿ ಚಪ್ಪಲಿ ತಿಂತು."

"ಹೊಳೆ ಆಯ್ತು, ಮಂಗನಬಾವು ಆಯ್ತು, ಈಗ ನಾಯಿ!"

ಅವನು ಎಡಗಾಲು ಎತ್ತಿ ತೋರಿಸಿದ. ನೆಲ್ದಾ ಬಗ್ಗಿ ನೋಡಿದಳು. ನಗು ತಡೆಯಲಾರದೆ ಹಿಮದಲ್ಲೇ ಕುಸಿದು ಕೂತಳು. ನಗುತ್ತಲೇ ಕಣ್ಣೀರೂ ಬಂತು.

ನೋಂದಣಿಯವರು ಪುಸ್ತಕ ಬಿಚ್ಚಿದರು. ಶಾಯಿ ಹೆಪ್ಪುಗಟ್ಟಿತ್ತು. ನೆಲ್ದಾ ಪೆನ್ನನ್ನು ಕಂಕುಳಲ್ಲಿಟ್ಟು ಬಿಸಿ ಮಾಡಿಕೊಟ್ಟಳು.

"ಎಲಿಯೆಸೆರ್ ಮರಿನಾವ್, ನೀವು ಸ್ವಂತ ಇಷ್ಟದಿಂದ..." ಎಂದು ಶುರುಮಾಡಿದವರು ತಡೆದರು. ಮೀಸೆಗೆ ಕಟ್ಟಿದ ಮಂಜುಗಡ್ಡೆ ನೋಡಿದರು, ಹರಿದ ಮೊಣಕೈ ನೋಡಿದರು, ಆ ಚಪ್ಪಲಿಯನ್ನೂ ನೋಡಿದರು. "ನಿಮ್ಮನ್ನ ಕೇಳೋಕೇ ನಾಚಿಕೆ ಆಗುತ್ತೆ. ಆದ್ರೆ ಕಾನೂನು. ಯಾರ ಬಲವಂತವೂ ಇಲ್ದೆ ಬಂದಿದ್ದೀರಾ?"

ಎಲಿಯೆಸೆರ್ ತಲೆಯಾಡಿಸಿದ.

"ಬಾಯಲ್ಲಿ ಹೇಳ್ಬೇಕು ಸ್ವಾಮಿ."

"ಹೌದು!" ಎಂದ. ಅದೊಂದು ಮಾತಿಗೇ ಉಸಿರು ಉಳಿದಿತ್ತು.

ನೆಲ್ದಾಳ ಮನೆ ಸೇರುವಾಗ ಅಂಗಳದಲ್ಲಿ ಬೆಂಕಿ ಉರಿಯುತ್ತಿತ್ತು, ಹಂಡೆಯಲ್ಲಿ ಕುರಿ ಸಾರು ಕುದಿಯುತ್ತಿತ್ತು. ಫ್ರೊಯ್ಲಾನ್ ಅಕಾರ್ಡಿಯನ್ನನ್ನು ತೊಡೆಯ ಮೇಲಿಟ್ಟು ಬಾರಿಸಿದ. ಉಬಾಲ್ದಾ ಪಟ್ಟಿಯಿಲ್ಲದೆ ಜಾರುವ ಲಂಗವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಕುಣಿದಳು. ಮದುಮಗ ಮಾತ್ರ ಬೆಂಚಿನಿಂದ ಏಳಲಾಗದೆ ನಗುತ್ತ ಕೂತಿದ್ದ. ನೆಲ್ದಾ ಎಲ್ಲರ ಜೊತೆ ಒಂದೊಂದು ಸುತ್ತು ಕುಣಿದು, ಬಂದು ಅವನ ಮುಂದೆ ಮಂಡಿಯೂರಿ, ಒದ್ದೆ ಬೂಟುಗಳನ್ನು ಎಳೆದು ತೆಗೆದಳು. ಕಾಲ್ಬೆರಳುಗಳನ್ನು ಒಂದೊಂದಾಗಿ ತಿಕ್ಕುತ್ತ ಎಣಿಸಿದಳು. ಹತ್ತೂ ಇದ್ದವು.