ಚೆಲ್ಲೋ ನುಡಿಸದ ಭಾನುವಾರ

ಇಟ್ಸೆಲ್ ಪೆನ್ಸಿಲ್ ತುದಿಯಿಂದ ಅಮ್ಮನ ಮೊಣಕೈಯನ್ನು ಚುಚ್ಚಿದಳು.

"ಮಾಮಿ, ಏಳು! ಮಿಸ್ ನಿನ್ನನ್ನೇ ನೋಡ್ತಿದ್ದಾರೆ."

ಮನೆಮಾತು ಸ್ಪ್ಯಾನಿಷ್‌ನಲ್ಲಿ ಅವಳು ಅಮ್ಮನನ್ನು ಮಾಮಿ ಎಂದೇ ಕರೆಯುತ್ತಿದ್ದಳು. ಅಮ್ಮ ಬೆಚ್ಚಿ ತಲೆ ಎತ್ತಿದಳು. ಕೆನ್ನೆಯ ಮೇಲೆ ನೋಟ್‌ಬುಕ್ಕಿನ ಸ್ಪ್ರಿಂಗ್ ಅಚ್ಚೊತ್ತಿತ್ತು. ಇಡೀ ತರಗತಿ ಹಿಂದಿನ ಸಾಲಿನತ್ತ ತಿರುಗಿತ್ತು.

"ಎಲ್ವಿರಾ, ಈಗ ಕೇಳಿದ್ದು ಯಾವ ವಾದ್ಯ?" ಎಂದು ಮಿಸ್ ವೆಂಡ್ಲರ್ ಕೇಳಿದರು.

ಅಮ್ಮ ಏನನ್ನೂ ಕೇಳಿರಲಿಲ್ಲ. ಇಟ್ಸೆಲ್ ತನ್ನ ಲೆಕ್ಕದ ಪುಸ್ತಕದ ಅಂಚಿನಲ್ಲಿ ಉತ್ತರವನ್ನು ದೊಡ್ಡದಾಗಿ ಬರೆದು ಅಮ್ಮನ ಕಡೆ ತಳ್ಳಿದಳು.

"ಚೆಲ್ಲೋ," ಎಂದಳು ಅಮ್ಮ, ಆ ದೊಡ್ಡ ಪಿಟೀಲಿನಂಥ ವಾದ್ಯದ ಹೆಸರನ್ನು ಓದಿ.

"ಸರಿ. ನಿಮ್ಮ ಸೆಕ್ರೆಟರಿಗೆ ಥ್ಯಾಂಕ್ಸ್ ಹೇಳಿ."

ಎಲ್ಲರೂ ನಕ್ಕರು. ಇಟ್ಸೆಲ್ ಕಿವಿ ಕೆಂಪಾದವು, ಆದರೆ ಒಳಗೊಳಗೇ ಖುಷಿಯೂ ಆಯಿತು.

ಬುಧವಾರ ಅವಳ ಐದನೇ ತರಗತಿ ಬೇಗ ಬಿಡುತ್ತಿತ್ತು. ಮನೆಯಲ್ಲಿ ಯಾರೂ ಇರುತ್ತಿರಲಿಲ್ಲವಾದ್ದರಿಂದ ಅಮ್ಮ ಅವಳನ್ನು ತನ್ನ ಕಾಲೇಜಿಗೇ ಕರೆತರುತ್ತಿದ್ದಳು. ಅದು ಊರಿನ ಕಮ್ಯುನಿಟಿ ಕಾಲೇಜು. ಅಲ್ಲಿ ಹದಿನೆಂಟರ ಹುಡುಗರ ಪಕ್ಕದಲ್ಲೇ ಅಜ್ಜಂದಿರೂ ಕೂತು ಓದುತ್ತಿದ್ದರು. ಅಮ್ಮ ನರ್ಸ್ ಆಗಬೇಕಿತ್ತು. ಜೀವಶಾಸ್ತ್ರ, ರಸಾಯನಶಾಸ್ತ್ರ ಎಲ್ಲ ಮುಗಿದಿತ್ತು. ಕಲೆಯ ಒಂದು ಕೋರ್ಸ್ ಮಾತ್ರ ಬಾಕಿ. ಅದಕ್ಕೇ ಈ 'ಸಂಗೀತ ಪರಿಚಯ'. ಇದರಲ್ಲಿ ಪಾಸಾದರೆ ಜನವರಿಯಲ್ಲಿ ನರ್ಸಿಂಗ್‌ಗೆ ಅರ್ಜಿ ಹಾಕಬಹುದು. ತಪ್ಪಿದರೆ ಮತ್ತೆ ಒಂದು ವರ್ಷ ಕಾಯಬೇಕು.

"ಹಾಡು ಕೇಳಿ ಪಾಸಾಗೋದಂತೆ! ಅದೇನು ಮಹಾ ಕಷ್ಟ?" ಎಂದು ಅಮ್ಮನ ತಮ್ಮ ಚೇಮಾ ಮಾವ ಗೇಲಿ ಮಾಡಿದ್ದ.

ಕಷ್ಟವಿದ್ದದ್ದು ಕೇಳುವುದರಲ್ಲಲ್ಲ, ಎಚ್ಚರವಾಗಿರುವುದರಲ್ಲಿ. ಕ್ಯಾಲಿಫೋರ್ನಿಯಾದ ಆ ಕಣಿವೆಯಲ್ಲಿ ಟೊಮೆಟೊ ಹಣ್ಣಾಗುವುದು ಬೇಸಿಗೆಯ ನಡುವಿನಿಂದ ಅಕ್ಟೋಬರ್‌ವರೆಗೆ. ಅಷ್ಟು ದಿನವೂ ಅಮ್ಮ ಟೊಮೆಟೊ ಕಾರ್ಖಾನೆಯಲ್ಲಿ ರಾತ್ರಿ ಪಾಳಿ. ಬೆಲ್ಟಿನ ಮೇಲೆ ಹರಿದುಬರುವ ಹಣ್ಣುಗಳಲ್ಲಿ ಹಸಿರಿದ್ದದ್ದನ್ನು, ಕೊಳೆತದ್ದನ್ನು ಆರಿಸಿ ಎಸೆಯುವ ಕೆಲಸ. ಯಂತ್ರಗಳ ಸದ್ದಿಗೆ ಎಲ್ಲರೂ ಕಿವಿಗೆ ಸ್ಪಂಜು ತುರುಕಿಕೊಳ್ಳಬೇಕು. ಊಟದ ಬಿಡುವಿನಲ್ಲಿ ಅಮ್ಮ ಸ್ಪಂಜು ತೆಗೆದು, ಫೋನಿನಲ್ಲಿ ಮಿಸ್ ಹೇಳಿದ ಸಂಗೀತ ಕೇಳುತ್ತಿದ್ದಳು.

ಅವತ್ತು ತರಗತಿ ಮುಗಿಯುವ ಮುಂಚೆ ಮಿಸ್ ವೆಂಡ್ಲರ್ ಬೋರ್ಡಿನ ಮೇಲೆ ಬರೆದರು: ಸಂಗೀತ ಕಛೇರಿಯ ವರದಿ, ಇಪ್ಪತ್ತು ಅಂಕ.

"ಭಾನುವಾರ ಮೂರು ಗಂಟೆಗೆ ನಮ್ಮದೇ ಹಾಲ್‌ನಲ್ಲಿ. ಖುದ್ದಾಗಿ ಬಂದು ಕೇಳಿ. ಎರಡು ಪುಟ ಬರೆಯಿರಿ. ಮುದ್ರೆ ಹೊಡೆದ ಕಾರ್ಯಕ್ರಮದ ಹಾಳೆಯನ್ನು ಜೊತೆಗೆ ಪಿನ್ ಮಾಡಿ. ಮುದ್ರೆ ಒತ್ತೋದು ಕೊನೆಯಲ್ಲಿ, ಹೊರಗೆ ಬರುವಾಗ. ಮಧ್ಯದಲ್ಲಿ ಎದ್ದು ಪಿಜ್ಜಾ ತಿನ್ನೋಕೆ ಹೋಗೋರು ಗಮನಿಸಿ."

*

ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಅಮ್ಮನ ಫೋನ್ ಬಡಿದುಕೊಂಡಿತು. ಅಮ್ಮ ಇಸ್ತ್ರಿ ಮಾಡಿದ ಬಿಳಿ ಶರ್ಟ್ ಹಾಕಿಕೊಂಡಾಗಿತ್ತು.

"ಈಗಲೇ? ಇವತ್ತು ನನ್ನ ರಜೆ..." ಎಂದಳು. ಕಾರ್ಖಾನೆಯಿಂದ ಬಂದ ಕರೆ ಅದು. ಫೋನ್ ಇಟ್ಟು, ಶರ್ಟ್ ಬಿಚ್ಚಿ, ಕಾರ್ಖಾನೆಯ ಟೀ ಶರ್ಟ್ ಹಾಕಿಕೊಂಡಳು.

"ಬರಲ್ಲ ಅಂದ್ರೆ?" ಎಂದು ಇಟ್ಸೆಲ್ ಕೇಳಿದಳು.

"ಮುಂದಿನ ವರ್ಷ ಮೊದಲು ಕೆಲಸಕ್ಕೆ ಕರೆಯೋ ಪಟ್ಟಿಯಲ್ಲಿ ನನ್ನ ಹೆಸರು ಇರಲ್ಲ ಮಿಹಾ, ನನ್ನ ಮಗಳೇ."

"ಮತ್ತೆ ವರದಿ?"

ಅಮ್ಮ ತಲೆಗೆ ಬಲೆ ಟೋಪಿ ಹಾಕಿಕೊಳ್ಳುತ್ತ ಕನ್ನಡಿ ನೋಡಿದಳು. ಕನ್ನಡಿಯಲ್ಲೇ ಮಗಳನ್ನೂ ನೋಡಿದಳು.

"ನೀನು ಹೋಗ್ತೀಯಾ? ಚೇಮಾ ಮಾವ ಜೊತೆಗಿರ್ತಾನೆ. ಚೆನ್ನಾಗಿ ಕೇಳಿಸಿಕೊಂಡು ಬಂದು ನನಗೆ ಹೇಳು. ಇದೊಂದೇ ಸಲ."

ಚೇಮಾ ಮಾವ ಪಿಕಪ್ ಲಾರಿಯಲ್ಲಿ ಬಂದ. ಹಾಲ್ ಮುಂದೆ ನಿಲ್ಲಿಸಿದ. ಆದರೆ ಇಂಜಿನ್ ಆರಿಸಲಿಲ್ಲ.

"ನೀನೂ ಬಾ ಮಾವ."

"ನಾನಾ? ಆ ಪಿಟೀಲಿನ ರಾಗಕ್ಕೆ ಗೊರಕೆ ಹೊಡೆದು ನಿನ್ನ ಮಾನ ಕಳೀಲಾ? ಇವತ್ತು ಫುಟ್‌ಬಾಲ್ ಇದೆ. ಐದಕ್ಕೆ ಇಲ್ಲೇ ಇರ್ತೀನಿ. ನಿಮ್ಮಮ್ಮಂಗೆ ಮಾತ್ರ ಹೇಳಬೇಡ."

ಲಾರಿ ಹೊರಟುಹೋಯಿತು.

ಬಾಗಿಲಲ್ಲಿ ಕಪ್ಪು ಶರ್ಟಿನ ಹುಡುಗನೊಬ್ಬ ನಿಂತಿದ್ದ. "ಯಾರ ಜೊತೆ ಬಂದೆ?"

"ನಾನೊಬ್ಬಳೇ. ನನಗೆ ಚೆಲ್ಲೋ ಗೊತ್ತು. ಮಧ್ಯದಲ್ಲಿ ಚಪ್ಪಾಳೆ ಹೊಡೀಬಾರದು ಅಂತಾನೂ ಗೊತ್ತು."

"ಭೇಷ್. ಆದರೆ ಹನ್ನೆರಡು ವರ್ಷ ಆಗದೆ ಇರೋರನ್ನ ದೊಡ್ಡವರಿಲ್ಲದೆ ಬಿಡೋ ಹಾಗಿಲ್ಲ. ಅಲ್ಲಿ ಕೂತಿರು, ನಿಮ್ಮೋರು ಬರಲಿ."

ಇಟ್ಸೆಲ್ ಮೇಜಿನ ಮೇಲಿನ ಕಟ್ಟಿನಿಂದ ಕಾರ್ಯಕ್ರಮದ ಹಾಳೆಯೊಂದನ್ನು ತೆಗೆದುಕೊಂಡು ಬೆಂಚಿನ ಮೇಲೆ ಕೂತಳು. ಮೊದಲರ್ಧಕ್ಕೆ ಚೆಲ್ಲೋ ಮತ್ತು ಪಿಯಾನೋ, ಮೂರು ಭಾಗ: ಚುರುಕು, ನಿಧಾನ, ಚುರುಕು. ದೊಡ್ಡ ಬಾಗಿಲು ಮುಚ್ಚಿತು. ಒಳಗೆ ಯಾರೋ ಮಾತಾಡಿದರು. ಮಾತು ತಿಳಿಯಲಿಲ್ಲ. ಜನರೆಲ್ಲ ಒಟ್ಟಿಗೆ "ಓ..." ಎಂದದ್ದು ಕೇಳಿತು. ಆಮೇಲೆ ಸಂಗೀತ ಶುರುವಾಯಿತು. ಕಂಬಳಿಯೊಳಗೆ ಯಾರೋ ನುಡಿಸಿದ ಹಾಗಿತ್ತು.

ಪಿಯಾನೋ ಕೇಳುತ್ತಿತ್ತು. ಚೆಲ್ಲೋ ಎಲ್ಲಿ? ಅವಳು ಬಾಗಿಲಿಗೆ ಕಿವಿ ಇಟ್ಟಳು. ಹುಡುಗ ಕೆಮ್ಮಿದ. ಅವಳು ಮತ್ತೆ ಬಂದು ಕೂತಳು. ಬಾಗಿಲು ದಪ್ಪ, ಅದಕ್ಕೇ ಕೇಳುತ್ತಿಲ್ಲ ಎಂದುಕೊಂಡಳು.

ಐದು ಗಂಟೆಗೆ ಜನ ಹೊರಗೆ ಬಂದರು. ಕಾಲೇಜಿನವರು ಮುದ್ರೆಗೆ ಸಾಲು ನಿಂತರು. ಇಟ್ಸೆಲ್ ದಪ್ಪ ಜಾಕೆಟ್ಟಿನ ಹೆಂಗಸೊಬ್ಬಳ ಹಿಂದೆ ನಿಂತು ಹಾಳೆ ಚಾಚಿದಳು. ಮುದ್ರೆ ಒತ್ತುತ್ತಿದ್ದವರು ತಲೆ ಎತ್ತಿ ನೋಡಲೇ ಇಲ್ಲ. ಠಕ್. ನೀಲಿ ಮುದ್ರೆ ಬಿತ್ತು.

*

ಸೋಮವಾರ ಬೆಳಿಗ್ಗೆ ಅಮ್ಮ ಬೀನ್ಸ್ ಬಿಸಿಮಾಡಿ ತೊರ್ತಿಯಾ ರೊಟ್ಟಿಯಲ್ಲಿ ಸುತ್ತುತ್ತಿದ್ದಳು. ಕಣ್ಣು ಊದಿತ್ತು. ಹಾಳೆಯ ಮೇಲಿನ ನೀಲಿ ಮುದ್ರೆ ಕಂಡದ್ದೇ ಇಟ್ಸೆಲ್ ತಲೆಗೆ ಜೋರಾಗಿ ಒಂದು ಮುತ್ತು ಕೊಟ್ಟಳು.

"ನನ್ನ ಬಂಗಾರ! ಈಗ ಹೇಳು. ಮೊದಲು ಏನು ನುಡಿಸಿದರು?"

ಒಳಗೆ ಬಿಡಲಿಲ್ಲ ಎಂದು ಈಗಲೇ ಹೇಳಿಬಿಡಬಹುದಿತ್ತು. ಆದರೆ ಆಗ ಮುದ್ರೆಗೆ ಅರ್ಥವೇ ಇರುತ್ತಿರಲಿಲ್ಲ. ಚೇಮಾ ಮಾವನಿಗೂ ಬೈಗುಳ ಬೀಳುತ್ತಿತ್ತು. ಅಮ್ಮ ಎಷ್ಟೋ ದಿನಗಳ ಮೇಲೆ ನಗುತ್ತಿದ್ದಳು.

"ಚೆಲ್ಲೋ," ಎಂದಳು ಇಟ್ಸೆಲ್. "ಜೊತೆಗೆ ಪಿಯಾನೋ."

"ಯಾರು ನುಡಿಸಿದ್ದು? ಹೆಂಗಸಾ?"

"ಹೂಂ. ಕಪ್ಪು ಡ್ರೆಸ್ಸು."

"ನಿಧಾನದ ಭಾಗ ಹೇಗಿತ್ತು?"

"ಚೆನ್ನಾಗಿತ್ತು. ಒಂಥರಾ ಬೇಜಾರಿನ ಥರ."

"ಅದನ್ನ ನಾನೂ ಕೇಳಿದೀನಿ, ಫೋನಲ್ಲಿ. ಮೂರು ಸಲ," ಎಂದಳು ಅಮ್ಮ. ತೊರ್ತಿಯಾ ತಟ್ಟೆಯಲ್ಲೇ ಆರುತ್ತಿತ್ತು. ಅವಳು ಆಗಲೇ ಬರೆಯಲು ಶುರುಮಾಡಿದ್ದಳು.

*

ಮಿಸ್ ವೆಂಡ್ಲರ್ ಮೂರು ಊರುಗಳ ಮೂರು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ವರದಿಗಳನ್ನು ಓದಿ ಮುಗಿಸುವ ಹೊತ್ತಿಗೆ ನವೆಂಬರ್ ಬಂತು. ಅಷ್ಟರಲ್ಲಿ ಟೊಮೆಟೊ ಮುಗಿದು ಕಾರ್ಖಾನೆ ಮುಚ್ಚಿತ್ತು. ಅಮ್ಮ ಈಗ ತೂಕಡಿಸುತ್ತಿರಲಿಲ್ಲ. ಪ್ರಶ್ನೆ ಕೇಳಿದರೆ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದಳು.

ಆ ಬುಧವಾರ ಮಿಸ್ ಎಲ್ಲರ ವರದಿ ಹಂಚಿದರು. ಅಮ್ಮನದನ್ನು ಮಾತ್ರ ಕೊಡಲಿಲ್ಲ. "ಎಲ್ವಿರಾ, ನೀವು ಸ್ವಲ್ಪ ಇರಿ," ಎಂದರು.

ತರಗತಿ ಖಾಲಿಯಾಯಿತು. ಇಟ್ಸೆಲ್ ಬ್ಯಾಗ್ ತಬ್ಬಿಕೊಂಡು ಅಮ್ಮನ ಪಕ್ಕ ನಿಂತಳು.

ಮಿಸ್ ಹಾಳೆ ಎತ್ತಿ ಓದಿದರು: "'ಚೆಲ್ಲೋದ ನಿಧಾನದ ಭಾಗ ಕೇಳುವಾಗ, ನನ್ನ ತಾಯಿ ಅಡುಗೆಮನೆಯಲ್ಲಿ ಒಬ್ಬಳೇ ಮಾತಾಡಿಕೊಳ್ಳುತ್ತಿದ್ದದ್ದು ನೆನಪಾಯಿತು.' ಈ ಸಲ ಯಾರೂ ಇದಕ್ಕಿಂತ ಒಳ್ಳೆಯ ವಾಕ್ಯ ಬರೆದಿಲ್ಲ."

"ಥ್ಯಾಂಕ್ ಯೂ ಮಿಸ್."

"ಆದರೆ ಅವತ್ತು ಚೆಲ್ಲೋ ನುಡಿಸಲೇ ಇಲ್ಲ. ನುಡಿಸಬೇಕಿದ್ದವರ ಬೆರಳು ಕಾರಿನ ಬಾಗಿಲಿಗೆ ಸಿಕ್ಕಿತ್ತು. ವೇದಿಕೆಯ ಮೇಲೇ ಹೇಳಿದರು. ಮೊದಲರ್ಧ ಪೂರ್ತಿ ಪಿಯಾನೋ ಒಂದೇ. ನಾನು ಮೂರನೇ ಸಾಲಿನಲ್ಲಿದ್ದೆ."

ಅಮ್ಮ ಇಟ್ಸೆಲ್ ಕಡೆ ತಿರುಗಿದಳು. ಒಂದು ಕ್ಷಣ, ಅಷ್ಟೇ. ಇಟ್ಸೆಲ್ ತನ್ನ ಶೂ ನೋಡಿದಳು.

"ನಾನು ಬಂದಿರಲಿಲ್ಲ ಮಿಸ್," ಎಂದಳು ಅಮ್ಮ. "ಕೆಲಸಕ್ಕೆ ಕರೆದರು."

"ಮತ್ತೆ ಈ ಮುದ್ರೆ?"

"ಅದೂ ನನ್ನದೇ ತಪ್ಪು."

ಮಿಸ್ ವೆಂಡ್ಲರ್ ಇಟ್ಸೆಲ್ಲನ್ನು ಸ್ವಲ್ಪ ಹೊತ್ತು ನೋಡಿದರು.

"ಒಂದು ಇಮೇಲ್ ಹಾಕಬಹುದಿತ್ತಲ್ಲ ಎಲ್ವಿರಾ? ಎರಡು ವಾರ ಬಿಟ್ಟು ಇನ್ನೊಂದು ಕಛೇರಿ ಇತ್ತು. ನಾಲ್ಕು ಜನ ಕೇಳಿದರು. ನಾಲ್ಕೂ ಜನರನ್ನ ಅದಕ್ಕೆ ಕಳಿಸಿದೆ."

"ಹಾಗೆಲ್ಲ ಕೇಳಬಹುದು ಅಂತ ನನಗೆ ಗೊತ್ತಿರಲಿಲ್ಲ," ಎಂದಳು ಅಮ್ಮ.

ಮಿಸ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ನಿಯಮದ ಪ್ರಕಾರ ಇದಕ್ಕೆ ಸೊನ್ನೆ. ಡೀನ್‌ಗೂ ತಿಳಿಸಬೇಕು. ಮೊದಲಿನ ಪರೀಕ್ಷೆಗಳಲ್ಲೂ ನಿಮಗೆ ಅಂಕ ಕಡಿಮೆ, ಈ ಇಪ್ಪತ್ತೂ ಹೋದರೆ ನೀವು ಕೊನೆಯ ಪರೀಕ್ಷೆಯಲ್ಲಿ ಎಷ್ಟು ತೆಗೆದರೂ ಸಾಲಲ್ಲ. ನಾನು ಲೆಕ್ಕ ಹಾಕಿದೆ. ಎರಡು ಸಲ ಹಾಕಿದೆ. ಕೋರ್ಸ್ ಬಿಡೋಕೆ ಈ ಶುಕ್ರವಾರ ಕೊನೆ. ಈಗಲೇ ಬಿಟ್ಟರೆ ಫೇಲ್ ಅಂತ ದಾಖಲಾಗಲ್ಲ."

*

ಹೊರಗೆ ಕಾರಿಡಾರಿನಲ್ಲಿ ಇಟ್ಸೆಲ್ ನಿಂತುಬಿಟ್ಟಳು.

"ನಾನು ವಾಪಸ್ ಹೋಗಿ ಮಿಸ್‌ಗೆ ಹೇಳ್ತೀನಿ."

"ಏನಂತ?"

"ಸುಳ್ಳು ಹೇಳಿದ್ದು ನಾನು ಅಂತ. ನನ್ನನ್ನ ಒಳಗೇ ಬಿಡಲಿಲ್ಲ ಮಾಮಿ. ಬೆಂಚ್ ಮೇಲೆ ಕೂತಿದ್ದೆ. ಹಾಳೆ ನೋಡ್ಕೊಂಡು ಹೇಳಿದೆ."

ಅಮ್ಮ ಕಿರುಚಬಹುದು ಎಂದು ಅವಳು ಹೆಗಲು ಬಿಗಿಹಿಡಿದಿದ್ದಳು.

"ಬೆಂಚ್ ಮೇಲೆ? ಎಷ್ಟು ಹೊತ್ತು?"

"ಪೂರ್ತಿ."

"ಎರಡು ಗಂಟೆ? ಒಬ್ಬಳೇನಾ? ಚೇಮಾ ಎಲ್ಲಿದ್ದ?"

"ಫುಟ್‌ಬಾಲ್..."

ಅಮ್ಮ ಮೆಟ್ಟಿಲ ಮೇಲೆ ಕುಸಿದು ಕೂತಳು. ಎರಡು ಅಂಗೈಯಲ್ಲೂ ಮುಖ ಮುಚ್ಚಿಕೊಂಡಳು. ಪಾಠ ಮುಗಿಸಿದ ಹುಡುಗರು ಅವರಿಬ್ಬರನ್ನೂ ದಾಟಿಕೊಂಡು, ಫೋನಿನಲ್ಲಿ ಮಾತಾಡುತ್ತ ಇಳಿದು ಹೋದರು.

"ಮಿಸ್‌ಗೆ ಹೇಳಲಾ?" ಎಂದು ಇಟ್ಸೆಲ್ ಮತ್ತೆ ಕೇಳಿದಳು.

"ಬೇಡ. ನಿನ್ನನ್ನ ಕಳಿಸಿದ್ದು ನಾನು. ವರದಿಯ ಕೆಳಗೆ ಸಹಿ ಹಾಕಿದ್ದೂ ನಾನು." ಅಮ್ಮ ಮುಖ ಒರೆಸಿಕೊಂಡು ಎದ್ದಳು. "ನಡಿ, ಆಫೀಸ್ ಮುಚ್ಚೋದರೊಳಗೆ ಮುಗಿಸೋಣ."

ಆಫೀಸಿನ ಗೋಡೆಯ ಪಕ್ಕ ವಿದ್ಯಾರ್ಥಿಗಳಿಗೆಂದು ಮೂರು ಕಂಪ್ಯೂಟರ್ ಇದ್ದವು. ಒಂದು ಕೆಟ್ಟಿತ್ತು. ಅಮ್ಮ ಇನ್ನೊಂದರ ಮುಂದೆ ನಿಂತು ತನ್ನ ನಂಬರ್ ಒತ್ತಿದಳು. 'ಸಂಗೀತ ಪರಿಚಯ' ಎಂಬ ಸಾಲಿನ ಎದುರು ಗುರುತು ಹಾಕಿದಳು. ಪರದೆ ಕೇಳಿತು: ಕೋರ್ಸ್ ಬಿಡಲು ಕಾರಣವೇನು? ಕೆಳಗೆ ಪಟ್ಟಿ ಬಿಚ್ಚಿಕೊಂಡಿತು.

ಇಟ್ಸೆಲ್ ಹಿಮ್ಮಡಿ ಎತ್ತಿ ಓದಿದಳು. ಅನಾರೋಗ್ಯ. ಕೆಲಸದ ವೇಳೆ. ಓಡಾಟದ ತೊಂದರೆ. ಮಕ್ಕಳ ಕಾರಣ. ಪಾಠ ಕಷ್ಟವಾಯಿತು. ಇತರೆ.

ಬಾಣದ ಗುರುತು ಪಟ್ಟಿಯ ಮೇಲೆ ನಿಧಾನವಾಗಿ ಇಳಿಯಿತು. 'ಮಕ್ಕಳ ಕಾರಣ' ಎಂಬಲ್ಲಿಗೆ ಬಂದಾಗ ಇಟ್ಸೆಲ್ ಉಸಿರು ಹಿಡಿದಳು. ಬಾಣ ಅಲ್ಲಿ ನಿಲ್ಲಲಿಲ್ಲ. ಕೆಳಗಿನವರೆಗೂ ಹೋಗಿ, ತಿರುಗಿ ಮೇಲಕ್ಕೆ ಬಂದು, 'ಕೆಲಸದ ವೇಳೆ' ಎಂಬಲ್ಲಿ ನಿಂತಿತು. ಅಮ್ಮ ಒತ್ತಿದಳು.

ಅಮ್ಮನಿಗೆ ಕೆಲಸವಿಲ್ಲದೆ ಮೂರು ವಾರವಾಗಿತ್ತು. ಅದು ಇಟ್ಸೆಲ್‌ಗೆ ಗೊತ್ತಿತ್ತು. ಅವಳು ಪ್ರಿಂಟರಿನಿಂದ ಹೊರಬಂದ ಬೆಚ್ಚಗಿನ ಚೀಟಿಯನ್ನು ತೆಗೆದು ಅಮ್ಮನ ಕೈಗೆ ಕೊಟ್ಟಳು. ಕೊಟ್ಟ ಮೇಲೂ ಆ ಕೈ ಬಿಡಲಿಲ್ಲ.